ಒದ್ದೆಯ ಚಿತ್ರ

ಛಾಯಾಚಿತ್ರಗಳನ್ನು ಮನೆಯಲ್ಲಿಯೇ ಅಚ್ಚು ಹಾಕಿಕೊಳ್ಳುವ ಹವ್ಯಾಸವುಳ್ಳವರು ಒಂದು ಗಳಿಗೆಯನ್ನು ಮಾತ್ರ ಬಾಯಿತುಂಬ ಹೊಗಳುವರು. ಕೆಂಪು ದೀಪದ ಮಂದ ಬೆಳಕಿನಲ್ಲಿ, ತಟ್ಟೆಯ ದ್ರಾವಣದೊಳಗೆ ತೂಗಾಡುವ ಬಿಳಿಯ ಹಾಳೆಯ ಮೇಲೆ ಮೊದಲು ಕಣ್ಣಿನ ಕಪ್ಪು, ಆಮೇಲೆ ಹುಬ್ಬು, ಆಮೇಲೆ ಕೋಟಿನ ಅಂಚು, ಹೀಗೆ ಇಲ್ಲದುದು ಉಂಟಾಗಿ ಎದ್ದುಬರುವ ಗಳಿಗೆ ಅದು. ಅದನ್ನು ಒಮ್ಮೆ ಕಂಡವನು ಮರೆಯಲಾರನೆಂಬುದೇನೋ ನಿಜವೇ. ಆದರೆ ಅನಂತರ ನಡೆಯತಕ್ಕುದನ್ನು ಯಾರೂ ಹೇಳುವುದಿಲ್ಲ. ಚಿತ್ರವು ಮೂಡುವುದಕ್ಕೆ ಎರಡು ಮಿನಿಟು ಸಾಕು. ಅದನ್ನು ತೊಳೆಯುವುದಕ್ಕೆ ಒಂದು ಗಂಟೆ ಬೇಕು. ಒಣಗಿಸುವುದಕ್ಕೆ, ಅದರಲ್ಲಿಯೂ ಮಲೆನಾಡಿನ ಮಳೆಗಾಲದಲ್ಲಿ, ಎಷ್ಟು ದಿನ ಬೇಕೆಂಬುದನ್ನು ಪಂಚಾಂಗವೂ ಹೇಳಲಾರದು. ಮದುವೆಯೂಟವನ್ನು ವರ್ಣಿಸುವವರು ಪಾತ್ರೆ ತೊಳೆದವರನ್ನು ನೆನೆಯದಿರುವ ರೀತಿಯಲ್ಲಿಯೇ ಈ ಒಣಗಿಸುವ ಕೆಲಸವೂ ಹೊಗಳಿಕೆಯಿಂದ ದೂರವೇ ಉಳಿದುಬಿಟ್ಟಿದೆ.

ಸಾಗರದ ಕಡೆಯ ಒಂದು ಊರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರಿದ್ದಾರೆ. ಊರಿನವರಿಗೆಲ್ಲ ಅವರು ಮೇಷ್ಟರು. ಇಲ್ಲಿಯೂ ಹಾಗೆಯೇ ಕರೆಯಬಹುದು. ಹಿತ್ತಲ ಕಡೆಯ ಉಗ್ರಾಣದ ಕಿಟಕಿಗೆ ಕರಿಯ ಬಟ್ಟೆಯನ್ನು ಎರಡು ಮಡಿಕೆ ಹೊಡೆದು ಅದನ್ನು ಕತ್ತಲೆಕೋಣೆಯನ್ನಾಗಿ ಮಾಡಿಕೊಂಡಿದ್ದಾರೆ. ಊರಿನ ಹುಡುಗರೆಲ್ಲರ ಕೈಯಲ್ಲಿ ಚಿತ್ರ ತೆಗೆಯುವ ಫೋನು ಇರುವ ಈ ಕಾಲದಲ್ಲಿ ಇದೆಂತಹ ವ್ಯಸನವೆಂದು ಕೇಳಿದವರಿಗೆ ಅವರು ಉತ್ತರ ಕೊಡುವುದಿಲ್ಲ. ಕೆಲವರು ಇಸ್ಪೀಟಾಡುವರು, ಕೆಲವರು ಇದನ್ನು ಮಾಡುವರು. ಆದರೆ ಒಂದು ವಿಷಯದಲ್ಲಿ ಮೇಷ್ಟರದು ಹಟ. ಅವರು ಬಳಸುವುದು ಕಸಬಿನವರು ಫೈಬರ್ ಕಾಗದವೆಂದು ಕರೆಯುವ ಹಳೆಯ ತರಹದ ಕಾಗದವನ್ನೇ.

ಈ ಕಾಗದದ ರಚನೆಯನ್ನು ತಿಳಿಯದಿದ್ದರೆ ಮುಂದಿನ ಪಾಡು ಅರ್ಥವಾಗಲಾರದು. ಅಡಿಯಲ್ಲಿರುವುದು ಶುದ್ಧವಾದ ನಾರಿನಿಂದ ಮಾಡಿದ ದಪ್ಪ ಕಾಗದ. ಅದರ ಮೇಲೆ ಬೇರಿಯಂ ಸಲ್ಫೇಟೆಂಬ ಅಚ್ಚಬಿಳಿಯ ಪುಡಿಯ ಲೇಪ. ಚಿತ್ರದ ಬಿಳುಪೆಲ್ಲ ಆ ಲೇಪದ್ದೇ. ಅದರ ಮೇಲೆ ಬೆಳ್ಳಿಯ ಲವಣಗಳನ್ನು ಹಿಡಿದುಕೊಂಡಿರುವ ಜಿಲಾಟಿನ್ನಿನ ಪದರ. ಜಿಲಾಟಿನ್ನೆಂದರೆ ಎಲುಬು ಚರ್ಮಗಳನ್ನು ಬೇಯಿಸಿ ತೆಗೆದ ಅಂಟು. ಮೇಷ್ಟರ ಮಡದಿ ಈ ಸಂಗತಿಯನ್ನು ಎಲ್ಲಿಯೋ ಓದಿ ತಿಳಿದ ದಿನದಿಂದ ಚಿತ್ರಗಳಿಗೆ ಅಡುಗೆಯ ಮನೆಯ ಪ್ರವೇಶವು ನಿಂತುಹೋಯಿತು. 1970ರ ದಶಕದಿಂದ ಬಳಕೆಗೆ ಬಂದ ಇನ್ನೊಂದು ಜಾತಿಯ ಕಾಗದದಲ್ಲಿ ಮಧ್ಯದ ಕಾಗದಕ್ಕೆ ಎರಡು ಮಗ್ಗುಲಲ್ಲಿಯೂ ಪ್ಲಾಸ್ಟಿಕ್ಕಿನ ಹೊದಿಕೆಯಿರುತ್ತದೆ. ಅದು ನೀರು ಕುಡಿಯುವುದಿಲ್ಲ. ಎರಡು ಮಿನಿಟು ತೊಳೆದರೆ ಶುದ್ಧವಾಗುತ್ತದೆ. ತಂತಿಗೆ ಸಿಕ್ಕಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಒಣಗಿ ನೆಟ್ಟಗೆ ನಿಲ್ಲುತ್ತದೆ. ಫೈಬರ್ ಕಾಗದವಾದರೋ ಹೊಟ್ಟೆತುಂಬ ನೀರನ್ನೂ, ನೀರಿನೊಡನೆ ಹೈಪೋವನ್ನೂ ಕುಡಿಯುವುದು. ಕುಡಿದುದನ್ನೆಲ್ಲ ಬಿಟ್ಟುಕೊಡುವಂತೆ ಅದನ್ನು ಒಲಿಸಬೇಕು.

ಹೈಪೋವು ಬೆಳ್ಳಿಯ ಲವಣವನ್ನು ಕರಗಿಸುವುದೆಂಬುದನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಕೊಂಡುದು 1819ರಲ್ಲಿ, ಅಂದರೆ ಛಾಯಾಚಿತ್ರಕಲೆ ಲೋಕಕ್ಕೆ ಪ್ರಕಟವಾಗುವುದಕ್ಕೆ 20 ವರ್ಷ ಮೊದಲು. ಅದು ಇಲ್ಲದಿದ್ದರೆ ಚಿತ್ರವು ಬೆಳಕಿಗೆ ಬಂದೊಡನೆ ಕಪ್ಪಾಗುವುದು. ಆದರೆ ಕಾಪಾಡಿದ ಕೈಯೇ ಕೊಲ್ಲುವ ಕೈಯೂ ಆಗಬಲ್ಲದು. ಕಾಗದದಲ್ಲಿ ಉಳಿದ ಹೈಪೋ ವರ್ಷಗಳುರುಳಿದಂತೆ ಬೆಳ್ಳಿಯನ್ನು ತಿಂದು, ಚಿತ್ರವನ್ನು ಹಳದಿಗೆ ತಿರುಗಿಸಿ, ಕಡೆಗೆ ಮುಖವನ್ನೇ ಅಳಿಸಿಬಿಡುತ್ತದೆ. ಲಂಡನ್ನಿನ ಛಾಯಾಚಿತ್ರ ಸಂಘದವರು ಚಿತ್ರಗಳು ಮಾಸಿಹೋಗುವುದರ ಕಾರಣವನ್ನು ಶೋಧಿಸಲು 1855ರಲ್ಲಿ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ಅವರು ಕಂಡ ಮುಖ್ಯ ದೋಷಗಳಲ್ಲಿ ಒಂದು ಇದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇನ್ನೊಂದು ವಿಚಿತ್ರ ತಿಳಿದುಬಂದಿತು: ಸಮುದ್ರದ ನೀರು ಸಿಹಿನೀರಿಗಿಂತ ಬೇಗನೆ ಹೈಪೋವನ್ನು ಹೊರಡಿಸುತ್ತದೆ. ಉಪ್ಪನ್ನು ಮಾತ್ರ ಕೊನೆಯಲ್ಲಿ ಸಿಹಿನೀರಿನಿಂದ ತೊಳೆಯಬೇಕು. ಮೇಷ್ಟರಿಗೆ ಸಮುದ್ರವು ದೂರ. ಅವರು ಒಂದು ಲೀಟರು ನೀರಿಗೆ 20 ಗ್ರಾಂ ಸೋಡಿಯಂ ಸಲ್ಫೈಟನ್ನು ಬೆರಸಿ, ಅದರಲ್ಲಿ ಹತ್ತು ಮಿನಿಟು ಚಿತ್ರವನ್ನಿಟ್ಟು, ಮುಂದೆ ಬಾವಿಯ ನೀರನ್ನು ಐದೈದು ಮಿನಿಟಿಗೊಮ್ಮೆ ಬದಲಿಸುತ್ತ ಹೋಗುವರು. ತೊಳೆಯದ ಚಿತ್ರವನ್ನು ಎಷ್ಟು ಅಂದವಾಗಿ ಒಣಗಿಸಿದರೂ ಅದು ಸಾಲ ಮಾಡಿ ಕಟ್ಟಿದ ಮನೆ.

ಒಂದು ಆಷಾಢದಲ್ಲಿ ಪಕ್ಕದ ಬೀದಿಯ ವೃದ್ಧೆಯೊಬ್ಬರು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಾಜಿನ ಫಲಕವೊಂದನ್ನು ಮೇಷ್ಟರ ಮನೆಗೆ ತಂದರು. ಟ್ರಂಕಿನ ಅಡಿಯಲ್ಲಿ ಅರುವತ್ತು ಎಪ್ಪತ್ತು ವರ್ಷ ಬಿದ್ದಿದ್ದ ನೆಗೆಟಿವ್ ಅದು. ಅಂಗೈಗಿಂತ ಸ್ವಲ್ಪ ದೊಡ್ಡದು. ಆರೂವರೆ ಅಂಗುಲ ಉದ್ದ, ಐದಕ್ಕೆ ಕೊಂಚ ಕಡಮೆ ಅಗಲ. ಬೆಳಕಿಗೆ ಹಿಡಿದರೆ ಕರಿಯ ಕೋಟು ಬಿಳಿಯದಾಗಿಯೂ ಮುಖವು ಕರಿಯದಾಗಿಯೂ ಕಾಣುವ ಒಬ್ಬ ತರುಣ. ಅದು ಅವರ ಅಣ್ಣ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡವನು. ಅವನ ಬೇರೆ ಚಿತ್ರವಾವುದೂ ಮನೆಯಲ್ಲಿರಲಿಲ್ಲ. ಇದ್ದ ಒಂದೇ ಅಚ್ಚನ್ನು ಗೋಡೆಯ ತೇವವೂ ಗೆದ್ದಲೂ ಹಂಚಿಕೊಂಡು ಮುಗಿಸಿದ್ದುವು.

ಮೇಷ್ಟರ ಅಣ್ಣನ ಮಗ ಆ ವಾರ ಬೆಂಗಳೂರಿನಿಂದ ಬಂದಿದ್ದನು. ಅವನು ಫಲಕವನ್ನು ಕಿಟಕಿಗೆ ಹಿಡಿದು ಫೋನಿನಲ್ಲಿ ಚಿತ್ರ ತೆಗೆದು, ಕಪ್ಪುಬಿಳುಪನ್ನು ಅದಲುಬದಲು ಮಾಡಿ, ಐದು ಮಿನಿಟಿನಲ್ಲಿ ಆ ತರುಣನನ್ನು ವೃದ್ಧೆಯ ಮುಂದೆ ಹಿಡಿದನು. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ, “ಫೋನಿನಲ್ಲಿ ಇರಲಿ ಮಗು. ಗೋಡೆಯ ಮೇಲೆ ಯಾರು?” ಎಂದರು. ಹುಡುಗನು ಮಾಡಿದ್ದು ಒಳ್ಳೆಯ ಕೆಲಸವೇ. ಫಲಕವು ಮರುದಿನ ಒಡೆದಿದ್ದರೆ ಅದೊಂದೇ ಉಳಿಯುತ್ತಿತ್ತು. ಆದರೆ ಆಕೆ ಕೇಳಿದುದು ಬೇರೆ ವಸ್ತು. ಊರಿನ ಮನೆಯನ್ನು ಮಾರಿ ಆಗಿತ್ತು. ಶ್ರಾವಣದ ಮೊದಲ ವಾರದಲ್ಲಿ ಆಕೆ ಮಗನೊಡನೆ ಪುಣೆಗೆ ಹೋಗತಕ್ಕವರಾಗಿದ್ದರು.

ಇಷ್ಟು ದೊಡ್ಡ ಫಲಕವು ಮೇಷ್ಟರ ಹಿಗ್ಗಿಸುವ ಯಂತ್ರದೊಳಕ್ಕೆ ಹಿಡಿಯುವುದಿಲ್ಲ. ಕಾಗದದ ಮೇಲೆ ಫಲಕವನ್ನೇ ಮುಖಕ್ಕೆ ಮುಖವಿಟ್ಟು ಒತ್ತಿ, ಮೇಲಿನಿಂದ ಬೆಳಕು ಬಿಡಬೇಕು. ಫಲಕದ ಜಿಲಾಟಿನ್ ಒಂದು ಮೂಲೆಯಲ್ಲಿ ಆಗಲೇ ಮೇಲಕ್ಕೆದ್ದು ಈರುಳ್ಳಿಯ ಸಿಪ್ಪೆಯಂತಾಗಿತ್ತು. ಪ್ರತಿಯೊಂದು ಸಲ ಒತ್ತಿದಾಗಲೂ ಅದು ಇನ್ನಷ್ಟು ಏಳುವ ಭಯ. ಮೂಲೆಯಿಂದ ತರುಣನ ಕಿವಿಗೆ ಒಂದು ಅಂಗುಲವೂ ಇರಲಿಲ್ಲ. ಇತ್ತ ಪೆಟ್ಟಿಗೆಯಲ್ಲಿ ಉಳಿದಿದ್ದ ಹಾಳೆಗಳು ಐದು. ಹತ್ತಾರು ಹೆಸರಿನ ಕಾಗದಗಳು ಅಂಗಡಿಗಳಲ್ಲಿ ಸಿಕ್ಕುತ್ತಿದ್ದ ಕಾಲ ಈಗಿಲ್ಲ. ಕೊಡಾಕ್ ಕಂಪೆನಿಯವರು ಕಪ್ಪುಬಿಳುಪಿನ ಕಾಗದವನ್ನು ನಿಲ್ಲಿಸುವುದಾಗಿ ಸಾರಿದುದು 2005ರಲ್ಲಿ. ಇಂಗ್ಲೆಂಡಿನ ಇಲ್‌ಫೋರ್ಡ್, ಜೆಕ್ ದೇಶದ ಫೋಮಾ ಮೊದಲಾದ ಕೆಲವರು ಈಗಲೂ ಮಾಡುತ್ತಿರುವರು. ಆದರೆ ತರಿಸಿದ ಕಾಗದ ಮಲೆನಾಡಿನ ಮನೆಗೆ ತಲಪುವಷ್ಟರಲ್ಲಿ ಶ್ರಾವಣ ಕಳೆದಿರುತ್ತಿತ್ತು.

ಮೊದಲನೆಯ ಹಾಳೆಯನ್ನು ತುಂಡುತುಂಡಾಗಿ ಕತ್ತರಿಸಿ ಬೆಳಕಿನ ಅಳತೆಗೆ ಉಪಯೋಗಿಸಿದರು. ಹನ್ನೆರಡು ಸೆಕೆಂಡಿನ ತುಂಡು ತಟ್ಟೆಯಲ್ಲಿ ಬಹಳ ಚೆನ್ನಾಗಿ ಕಂಡಿತು. ಎರಡನೆಯ ಹಾಳೆಯನ್ನು ಹನ್ನೆರಡು ಸೆಕೆಂಡಿಗೇ ಅಚ್ಚು ಹಾಕಿ, ತೊಳೆದು, ಪಡಸಾಲೆಯ ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪಿನಿಂದ ತೂಗಹಾಕಿದರು. ಎರಡು ದಿನವಾದರೂ ಅದು ಒಣಗಲಿಲ್ಲ. ಮುಟ್ಟಿದರೆ ಬೆರಳಿಗೆ ಹತ್ತುವ ಜಿಗುಟು. ಆ ಮನೆಯಲ್ಲಿ ಮಳೆಗಾಲದ ಬಟ್ಟೆಗಳೆಲ್ಲ ಒಣಗುವುದು ಬಚ್ಚಲ ಒಲೆಯ ಮೇಲುಗಡೆ ಕಟ್ಟಿದ ಗಳುವಿನ ಮೇಲೆ. ಪಂಚೆಗೆ ಒದಗುವುದು ಚಿತ್ರಕ್ಕೇಕೆ ಒದಗಬಾರದೆಂದು ಮಡದಿ ಹೇಳಿದರು. ಅದೂ ಆಯಿತು. ಒಂದು ಗಂಟೆಯಲ್ಲಿ ಚಿತ್ರವು ಒಣಗಿತು. ಒಣಗಿ, ದಾಲ್ಚಿನ್ನಿಯ ಚಕ್ಕೆಯಂತೆ ತನ್ನನ್ನು ತಾನೇ ಸುತ್ತಿಕೊಂಡಿತು. ಮೇಷ್ಟರು ಅದನ್ನು ಕೈಯಿಂದ ಬಿಡಿಸಹೋದಾಗ ತರುಣನ ಹೆಗಲಿನ ಮೇಲೆ ಅಡ್ಡಲಾಗಿ ಒಂದು ಸಣ್ಣ ಬಿರುಕು ಬಿಟ್ಟಿತು.

ಕಾಗದವು ಸುರುಳಿಯಾಗುವುದಕ್ಕೆ ಕಾರಣವು ಸರಳವಾಗಿದೆ. ನೀರು ಕುಡಿದಾಗ ಜಿಲಾಟಿನ್ನೂ ಹಿಗ್ಗುತ್ತದೆ, ಕಾಗದವೂ ಹಿಗ್ಗುತ್ತದೆ. ನೀರು ಹೋಗುವಾಗ ಜಿಲಾಟಿನ್ ಕಾಗದಕ್ಕಿಂತ ಹೆಚ್ಚಾಗಿ ಬಿಗಿಯುವುದರಿಂದ ಹಾಳೆಯು ಚಿತ್ರವಿರುವ ಕಡೆಗೇ ಬಾಗುತ್ತದೆ. ಶಾಖವು ಹೆಚ್ಚಿದಷ್ಟೂ, ಗಾಳಿಯು ಒಣಗಿದಷ್ಟೂ ಈ ಬಾಗು ಬಲವಾಗುವುದು. ಅಂಚುಗಳು ನಡುವಿಗಿಂತ ಮೊದಲು ಒಣಗಿದರೆ ಹಪ್ಪಳದ ಅಂಚಿನಂತೆ ಅಲೆಯಲೆಯಾಗುವುದು. ಆದುದರಿಂದಲೇ ತಿಳಿದವರು ಅವಸರವನ್ನು ನಿಷೇಧಿಸುವರು. ಕೆಲವರು ಎರಡು ಚಿತ್ರಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ತೂಗುವರು. ಒಂದರ ಬಾಗು ಇನ್ನೊಂದರ ಬಾಗನ್ನು ತಡೆಯುವುದು. ಕೆಲವರು ಸೊಳ್ಳೆಯ ಜಾಲರಿಯನ್ನು ಮರದ ಚೌಕಟ್ಟಿಗೆ ಬಿಗಿದು ಅದರ ಮೇಲೆ ಮಲಗಿಸುವರು. ಹೊಳಪು ಬೇಕಾದವರು ಚಿತ್ರದ ಮುಖವನ್ನು ಶುಭ್ರವಾದ ಗಾಜಿಗೋ ಕ್ರೋಮಿಯಂ ತಗಡಿಗೋ ಒತ್ತಿ ಒಣಗಿಸುವರು. ಒಣಗಿದ ಮೇಲೆ ಅದು ತಾನಾಗಿ ಚಟಚಟನೆ ಬಿಟ್ಟುಬಂದು ಕನ್ನಡಿಯಂತೆ ಮಿರುಗುವುದು. ಹಳೆಯ ಸ್ಟುಡಿಯೋಗಳ ಚಿತ್ರಗಳಲ್ಲಿ ಅನೇಕವು ಹೀಗೆ ಗಾಜಿನ ಮೇಲೆ ಮಿರುಗು ಪಡೆದುವೇ. ಆದರೆ ಗಾಜಿನಲ್ಲಿ ಎಳ್ಳಿನಷ್ಟು ಜಿಡ್ಡಿದ್ದರೂ ಚಿತ್ರವು ಅಲ್ಲಿಯೇ ಅಂಟಿ ನಿಲ್ಲುವುದು. ಒಂದೇ ಫಲಕವಿದ್ದ ಮನೆಯಲ್ಲಿ ಅಂತಹ ಸಾಹಸಕ್ಕೆ ಮೇಷ್ಟರು ಕೈಹಾಕಲಿಲ್ಲ.

ಬಿರುಕಿಗಿಂತ ಅವರನ್ನು ಹೆಚ್ಚಾಗಿ ಕಾಡಿದ ಸಂಗತಿ ಬೇರೊಂದಿತ್ತು. ತಟ್ಟೆಯಲ್ಲಿ ಜೀವ ತುಂಬಿಕೊಂಡಿದ್ದ ಮುಖವು ಒಣಗಿದ ಮೇಲೆ ಮಂಕಾಗಿತ್ತು. ಕೆನ್ನೆಯ ಬೆಳಕು ಇಳಿದುಹೋಗಿತ್ತು. ಕಣ್ಣಿನ ಬಿಳುಪು ಬೂದಿಯ ಬಣ್ಣಕ್ಕೆ ತಿರುಗಿತ್ತು. ವಾಚಕರಲ್ಲಿ ಯಾರಾದರೂ ಹೊಳೆಯ ದಂಡೆಯಿಂದ ಬಣ್ಣದ ಕಲ್ಲನ್ನು ಆರಿಸಿ ಮನೆಗೆ ತಂದಿದ್ದರೆ ಈ ನಿರಾಶೆಯ ಪರಿಚಯ ಅವರಿಗಿರಬೇಕು. ಒದ್ದೆಯ ಜಿಲಾಟಿನ್ ಉಬ್ಬಿಕೊಂಡು ಬೆಳ್ಳಿಯ ಕಣಗಳನ್ನು ದೂರದೂರ ಇಟ್ಟಿರುವುದೆಂದೂ, ಒಣಗಿದ ಪದರವು ಕುಗ್ಗಿ ಅವುಗಳನ್ನು ಒತ್ತೊತ್ತಾಗಿ ಸೇರಿಸುವುದರಿಂದ ಬಿಳುಪುಗಳು ಕಂದುವುವೆಂದೂ ಇದನ್ನು ವಿವರಿಸುವರು. ಕಾರಣವೇನೇ ಇರಲಿ, ಒದ್ದೆಯ ಚಿತ್ರವನ್ನು ನೋಡಿ ತೀರ್ಪು ಹೇಳುವವನು ಮೋಸಹೋಗುವನು. ಅಮೆರಿಕದ ಪ್ರಸಿದ್ಧ ಛಾಯಾಚಿತ್ರಗಾರ ಆನ್ಸೆಲ್ ಆಡಮ್ಸ್ (1902–1984) ಪರೀಕ್ಷೆಯ ತುಂಡುಗಳನ್ನು ಮೈಕ್ರೋವೇವ್ ಒಲೆಯಲ್ಲಿ ಒಣಗಿಸಿ ನೋಡಿದ ಮೇಲೆಯೇ ಬೆಳಕಿನ ಅಳತೆಯನ್ನು ನಿಶ್ಚಯಿಸುತ್ತಿದ್ದರಂತೆ. ಮೇಷ್ಟರ ಮನೆಯಲ್ಲಿ ಆ ಯಂತ್ರವಿಲ್ಲ. ಅಡುಗೆಯ ಮನೆಯ ಹೊಸ್ತಿಲಾಚೆ ಇಳಿಸಿಟ್ಟ ಬಿಸಿ ಕುಕ್ಕರಿನ ಮುಚ್ಚಳವೇ ಅವರ ಪ್ರಯೋಗಶಾಲೆಯಾಯಿತು. ಉಳಿದಿದ್ದ ತುಂಡುಗಳನ್ನು ಮತ್ತೆ ಒದ್ದೆ ಮಾಡಿ, ಅದರ ಮೇಲೆ ಒಣಗಿಸಿ, ಹಗಲಿನ ಬೆಳಕಿನಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರು. ಹನ್ನೆರಡಲ್ಲ, ಹನ್ನೊಂದು ಸೆಕೆಂಡು ಸರಿಯಾದುದು. ತಟ್ಟೆಯಲ್ಲಿ ತುಸು ಬಿಳಿಚಿಕೊಂಡಂತೆ ತೋರುವುದೇ ಒಣಗಿದ ಮೇಲೆ ಸರಿಯಾಗುವುದು.

ಮೂರನೆಯದನ್ನು ಮಸಿಹೀರುವ ಕಾಗದಗಳ ನಡುವೆ ಇಟ್ಟುದು ವ್ಯರ್ಥವಾಯಿತು. ಆ ಹವೆಯಲ್ಲಿ ಹೀರುವ ಕಾಗದವೇ ತೇವವನ್ನು ಹೀರಿ ಕುಳಿತಿತ್ತು. ಬೆಳಗ್ಗೆ ನೋಡಿದರೆ ಅದರ ನಾರು ತರುಣನ ಕೆನ್ನೆಗೆ ಗಡ್ಡದಂತೆ ಹತ್ತಿಕೊಂಡಿತ್ತು. ನೀರಿನಲ್ಲಿ ನೆನೆಸಿ ನಾರನ್ನು ಬಿಡಿಸಿದರು, ಕುಳಿಗಳು ಉಳಿದುವು.

ಈ ನಡುವೆ ವೃದ್ಧೆ ದಿನಕ್ಕೊಮ್ಮೆ ಬಂದು ಜಗಲಿಯಲ್ಲಿ ಕೊಡೆಯನ್ನು ಮಡಿಸಿ ನಿಲ್ಲುತ್ತಿದ್ದರು.

“ಮೇಷ್ಟರೇ, ಒಣಗಿತೆ?”

“ಇನ್ನೂ ಇಲ್ಲ ಅಮ್ಮಾ.”

“ಹಪ್ಪಳವಾದರೂ ಇಷ್ಟು ಹೊತ್ತಿಗೆ ಒಣಗುತ್ತಿತ್ತಲ್ಲ!”

“ಹಪ್ಪಳಕ್ಕೆ ಬಿಸಿಲಾದರೂ ಉಂಟು.”

ಆಕೆಗೆ ಹೊರಡಲು ಆರು ದಿನ ಉಳಿದಿತ್ತು.

ನಾಲ್ಕನೆಯ ಹಾಳೆಯನ್ನು ಅಚ್ಚು ಹಾಕುವ ಮುನ್ನ ಮೇಷ್ಟರು ಉಗ್ರಾಣದಲ್ಲಿ ಒಂದು ಹೊತ್ತು ದೊಡ್ಡ ಬಲ್ಬನ್ನು ಉರಿಸಿಟ್ಟು ಗಾಳಿಯ ತೇವವನ್ನು ಕಡಮೆ ಮಾಡಿದರು. ಆದರೂ ಫಲಕವನ್ನು ಕಾಗದದಿಂದ ಎತ್ತುವಾಗ ಮೂಲೆಯ ಸಿಪ್ಪೆಯು ಇನ್ನೊಂದು ನೂಲಿನಷ್ಟು ಮೇಲೆದ್ದುದು ಕಂಡಿತು. ಇದಕ್ಕಿಂತ ಹೆಚ್ಚು ಒತ್ತುವುದಕ್ಕೆ ಧೈರ್ಯವಿಲ್ಲ. ಈ ಸಲ ಗಾಜಿನ ಮೇಲೆ ಬಿಗಿದು ಒಣಗಿಸುವ ಕ್ರಮವನ್ನು ಆರಿಸಿಕೊಂಡರು. ಚಿತ್ರದ ಬೆನ್ನನ್ನು ಗಾಜಿಗೆ ಕೊಟ್ಟು ಮುಖವನ್ನು ಮೇಲುಮಾಡಿ ಮಲಗಿಸುವುದು. ರಬ್ಬರಿನ ರೋಲರಿನಿಂದ ನಡುವಿನಿಂದ ಅಂಚಿಗೆ ನೀರನ್ನು ತಳ್ಳುವುದು. ಮೇಲ್ಮೈಯ ಹನಿಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆಯುವುದು. ಆಮೇಲೆ ನೀರು ಸವರಿದರೆ ಅಂಟುವ ಕಂದು ಕಾಗದದ ಪಟ್ಟಿಯನ್ನು ನಾಲ್ಕು ಅಂಚಿಗೂ, ಅರ್ಧ ಚಿತ್ರದ ಮೇಲೆ ಅರ್ಧ ಗಾಜಿನ ಮೇಲೆ ಬರುವಂತೆ ಹಚ್ಚುವುದು. ಫಲಕಕ್ಕಿಂತ ಹಾಳೆಯು ದೊಡ್ಡದಾಗಿದ್ದುದರಿಂದ ಪಟ್ಟಿಗೆ ಬೇಕಾದ ಬಿಳಿಯ ಅಂಚು ಸುತ್ತಲೂ ಇತ್ತು. ಒಣಗುವ ಕಾಗದವು ಕುಗ್ಗಬೇಕೆಂದು ಎಳೆಯುತ್ತದೆ, ಪಟ್ಟಿಯು ಬಿಡುವುದಿಲ್ಲ, ಆ ಜಗ್ಗಾಟದಲ್ಲಿ ಚಿತ್ರವು ಮೃದಂಗದ ಚರ್ಮದಂತೆ ಸಮತಲವಾಗಿ ನಿಲ್ಲುತ್ತದೆ. ಪಟ್ಟಿಯು ಸೋತರೆ ಮಾತ್ರ ಕೆಲಸ ಕೆಟ್ಟಿತು.

ಆ ರಾತ್ರಿ ಪಟ್ಟಿಯು ಸೋತಿತು. ಎರಡು ಗಂಟೆಯ ಸುಮಾರಿಗೆ ನಡುಮನೆಯಿಂದ ಟಪ್ಪೆಂದು ಸದ್ದು ಕೇಳಿ ಮೇಷ್ಟರು ಎದ್ದು ನೋಡಿದರು. ಒಂದು ಮಗ್ಗುಲು ಬಿಟ್ಟುಬಂದು, ಹಾಳೆಯು ಆ ಕಡೆಯಿಂದ ಅಲೆಯಾಗಿ ಎದ್ದು, ಅಲೆಯು ಕೋಟಿನ ಗುಂಡಿಯವರೆಗೆ ಬಂದಿತ್ತು. ಚಿತ್ರವು ಹರಿದಿರಲಿಲ್ಲ. ಮುಖದ ಬೆಳಕು ಈ ಸಲ ಸರಿಯಾಗಿತ್ತು. ಕಣ್ಣುಗಳಲ್ಲಿ ಬೇಕಾದ ಬಿಳುಪಿತ್ತು. ಐದನೆಯ ಹಾಳೆಯು ಪೆಟ್ಟಿಗೆಯಲ್ಲಿತ್ತು. ಫಲಕವನ್ನು ಇನ್ನೊಮ್ಮೆ ಒತ್ತಿ ಕಿವಿಯನ್ನು ಕಳೆದುಕೊಳ್ಳುವುದೋ, ಅಲೆಯೆದ್ದ ಚಿತ್ರವನ್ನೇ ಕೊಟ್ಟುಬಿಡುವುದೋ ಎಂದು ಅವರು ಲಾಂದ್ರದ ಮುಂದೆ ಕುಳಿತರು. ವಿದ್ಯುತ್ತು ಎಂದಿನಂತೆ ಹೋಗಿತ್ತು.

ಆಗ ಅವರು ಮಾಡಿದುದು ಇದೆರಡೂ ಅಲ್ಲ. ಫೈಬರ್ ಕಾಗದಕ್ಕೆ ಒಂದು ದೊಡ್ಡ ಗುಣವಿದೆ. ಬೆಳಕಿನ ತಪ್ಪನ್ನು ಅದು ಕ್ಷಮಿಸುವುದಿಲ್ಲ; ತೊಳೆಯುವುದರ ತಪ್ಪನ್ನು ನೆನಪಿಟ್ಟುಕೊಂಡು ಮೊಮ್ಮಕ್ಕಳ ಕಾಲದಲ್ಲಿ ಬಡ್ಡಿಸಹಿತ ವಸೂಲು ಮಾಡುವುದು; ಆದರೆ ಒಣಗಿಸುವುದರ ತಪ್ಪನ್ನು, ಪದರವು ಒಡೆಯದೆ ಇದ್ದಲ್ಲಿ, ಮರೆತುಬಿಡುವುದು. ನೀರಿನಲ್ಲಿಟ್ಟರೆ ಸುರುಳಿಯಾದುದೂ ಅಲೆಯಾದುದೂ ಮತ್ತೆ ಮೊದಲಿನ ಮೆತ್ತನೆಯ ಹಾಳೆಯಾಗುವುದು. ಮತ್ತೆ ಮೊದಲಿನಿಂದ ಒಣಗಿಸಬಹುದು. ಮೇಷ್ಟರು ಉಳಿದ ಪಟ್ಟಿಗಳನ್ನು ನೆನೆಸಿ ತೆಗೆದು, ಚಿತ್ರವನ್ನು ಅರ್ಧ ಗಂಟೆ ನೀರಿನಲ್ಲಿ ಮಲಗಿಸಿದರು. ಗಾಜನ್ನು ಸೀಗೆಯ ಪುಡಿಯಿಂದ ತಿಕ್ಕಿ ತೊಳೆದರು. ಹಿಂದಿನ ಸಲ ಪಟ್ಟಿ ಸೋತುದು ಗಾಜಿನ ಜಿಡ್ಡಿನಿಂದಲೇ ಎಂದು ಅವರಿಗೆ ತೋರಿತು. ಪಟ್ಟಿಗೆ ನೀರನ್ನು ಅತಿಯಾಗಿ ಹಚ್ಚಿದರೆ ಅಂಟೇ ತೊಳೆದುಹೋಗುವುದೆಂದು ತಿಳಿದು, ಒದ್ದೆಯ ಬಟ್ಟೆಯ ಮೇಲೆ ಒಮ್ಮೆ ಮಾತ್ರ ಎಳೆದು ಅಂಟಿಸಿದರು. ಬೆಳಗಾಗುವಷ್ಟರಲ್ಲಿ ಗಾಜು ನಡುಮನೆಯ ಗೋಡೆಗೆ ಒರಗಿ ನಿಂತಿತ್ತು. ಫ್ಯಾನು ಹಾಕಬಾರದೆಂದೂ ಮುಟ್ಟಬಾರದೆಂದೂ ಮನೆಯವರಿಗೆಲ್ಲ ಆಜ್ಞೆಯಾಯಿತು.

ಮೊದಲನೆಯ ದಿನ ಚಿತ್ರವು ನೀರಿನ ಹೊಳಪಿನಿಂದ ಮಿಂಚುತ್ತಿತ್ತು. ಎರಡನೆಯ ದಿನ ಅಂಚುಗಳು ಮಂಕಾಗಿ ನಡುವೆ ಮಾತ್ರ ಮಿಂಚು ಉಳಿದಿತ್ತು. ಒಣಗಿದ ಭಾಗವು ದಿನವಿಡೀ ಅಂಚಿನಿಂದ ಮುಖದ ಕಡೆಗೆ ನಿಧಾನವಾಗಿ ಸಾಗುತ್ತಿದ್ದುದನ್ನು, ಕೆರೆಯ ನೀರು ಬತ್ತುವುದನ್ನು ನೋಡುವಂತೆ ನೋಡಬಹುದಾಗಿತ್ತು. ವೃದ್ಧೆ ಅಂದು ಜಗಲಿಯಲ್ಲಿ ನಿಲ್ಲದೆ ಒಳಕ್ಕೇ ಬಂದು, ಗಾಜಿನ ಎದುರಿಗೆ ಮಣೆಹಾಕಿಸಿಕೊಂಡು ಕುಳಿತರು. ಸಂಜೆಯವರೆಗೂ ಏಳಲಿಲ್ಲ. ಒಣಗಿತೆ ಎಂದು ಕೇಳಲೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಮೇಷ್ಟರು ಬೆನ್ನುಗೈಯನ್ನು ಚಿತ್ರದ ಅಂಚಿಗೆ ತಾಗಿಸಿ ನೋಡಿ, ತಂಪು ಇಲ್ಲವೆಂದು ನಿಶ್ಚಯಮಾಡಿಕೊಂಡು, ಬ್ಲೇಡಿನಿಂದ ನಾಲ್ಕು ಕಡೆಯಲ್ಲಿಯೂ ಪಟ್ಟಿಯ ಒಳಮಗ್ಗುಲಲ್ಲಿ ಕೊಯ್ದರು. ಹಾಳೆಯು ಸಣ್ಣದೊಂದು ಸದ್ದಿನೊಡನೆ ಬಿಟ್ಟುಬಂದಿತು. ಮೇಜಿನ ಮೇಲಿಟ್ಟರೆ ಒಂದು ಮೂಲೆ ಮಾತ್ರ ಬೆರಳಿನಷ್ಟು ಏಳುತ್ತಿತ್ತು. ಅದನ್ನು ಎರಡು ಶುದ್ಧ ರಟ್ಟುಗಳ ನಡುವೆ ಇಟ್ಟು, ಮೇಲೆ ಕಿಟ್ಟೆಲ್ ಪಾದ್ರಿಗಳ ನಿಘಂಟನ್ನು ಹೇರಿದರು. 1894ರಲ್ಲಿ ಮಂಗಳೂರಿನಲ್ಲಿ ಮೊದಲು ಪ್ರಕಟವಾದ ಆ ಗ್ರಂಥದ ಗುಣಗಳನ್ನು ಪಂಡಿತರು ಅನೇಕ ವಿಧವಾಗಿ ಎಣಿಸಿರುವರು. ಅದರ ತೂಕವನ್ನು ಮಾತ್ರ ಯಾರೂ ತಕ್ಕಷ್ಟು ಕೊಂಡಾಡಿದಂತಿಲ್ಲ.

ಹೊರಡುವ ದಿನ ಬೆಳಗ್ಗೆ ವೃದ್ಧೆ ಬಂದರು. ಚಿತ್ರವನ್ನು ಕೈಗೆ ಕೊಟ್ಟಾಗ ಕನ್ನಡಕವನ್ನು ಸೆರಗಿನಿಂದ ಒರಸಿಕೊಂಡು ನೋಡಿದರು. ಮುಖದ ವಿಷಯವಾಗಿ ಏನನ್ನೂ ಹೇಳಲಿಲ್ಲ. “ಕೋಟು ಅವನದಲ್ಲ. ಚಿತ್ರಕ್ಕೆಂದು ಚಿಕ್ಕಪ್ಪನದನ್ನು ಹಾಕಿಕೊಂಡಿದ್ದ. ತೋಳು ಉದ್ದವಾಯಿತೆಂದು ಒಳಕ್ಕೆ ಮಡಿಸಿದ್ದು ನಾನು,” ಎಂದು ತೋಳಿನ ತುದಿಯನ್ನು ಬೆರಳಿನಿಂದ ತೋರಿಸಿದರು. ಮಡಿಕೆಯು ಸ್ಪಷ್ಟವಾಗಿ ಕಾಣುತ್ತಿತ್ತು.

ಚೌಕಟ್ಟು ಹಾಕಿಸುವಾಗ ಚಿತ್ರವು ಗಾಜಿಗೆ ತಾಗದಂತೆ ಸುತ್ತಲೂ ರಟ್ಟಿನ ಅಂಚನ್ನು ಕೊಡಿಸಬೇಕೆಂದೂ, ತೇವದ ಕಾಲದಲ್ಲಿ ಜಿಲಾಟಿನ್ ಗಾಜಿಗೆ ಹತ್ತಿದರೆ ಮುಂದೆ ಬಿಡಿಸಲಾಗದೆಂದೂ, ಬಿಸಿಲು ಬೀಳುವ ಗೋಡೆಗೂ ಮಳೆಯ ಕಡೆಯ ಗೋಡೆಗೂ ತೂಗಹಾಕಬಾರದೆಂದೂ ಮೇಷ್ಟರು ಅವರ ಮಗನಿಗೆ ಎರಡು ಸಲ ಹೇಳಿ, ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಫಲಕವನ್ನು ಹಿಂದಕ್ಕೆ ಕೊಡಹೋದಾಗ ಆಕೆ ತೆಗೆದುಕೊಳ್ಳಲಿಲ್ಲ.

“ಬಸ್ಸಿನಲ್ಲಿ ಒಡೆದುಹೋದೀತು ಮೇಷ್ಟರೇ. ಇಲ್ಲಿಯೇ ಇರಲಿ. ಅವನು ಈ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ.”

ಬಸ್ಸು ಹೋದ ಮೇಲೆ ಮೇಷ್ಟರು ಫಲಕವನ್ನು ಹೊಸ ಕಾಗದದಲ್ಲಿ ಸುತ್ತಿ, ಎರಡು ರಟ್ಟುಗಳ ನಡುವೆ ನಿಲ್ಲಿಸಿಟ್ಟು, ಮೇಲೆ ಹನ್ನೊಂದು ಸೆಕೆಂಡು ಎಂದು ಬರೆದರು. ಐದನೆಯ ಹಾಳೆಯು ತನ್ನ ಕಪ್ಪು ಚೀಲದಲ್ಲಿ ಹಾಗೆಯೇ ಇತ್ತು. ನಡುಮನೆಯ ಗಾಜಿಗೆ ಅಂಟಿಕೊಂಡಿದ್ದ ಕಂದು ಪಟ್ಟಿಯ ಚೌಕವನ್ನು ಬಿಸಿನೀರು ಹಾಕಿ ಕೆರೆದು ತೆಗೆಯುವುದಕ್ಕೆ ಮಡದಿಗೆ ಅರ್ಧ ದಿನ ಹಿಡಿಯಿತು.